ಡಬ್ಬಿ ಮಾಮ ಮತ್ತು ಎಡತುದಿಯ ತಂತಿ

ಈ ಮನುಷ್ಯನ ಬಗ್ಗೆ ಬರೆಯಲೇಬೇಕು. ಕಾರಣ ಇಷ್ಟೇ. ಎಷ್ಟೋ ಮಕ್ಕಳ ಎದೆಬಡಿತ ಇವನ ಕೈಮೇಲೆ ಹಾದುಹೋಗಿದೆ, ಆದರೆ ಅವರಲ್ಲಿ ಒಬ್ಬರ ಮನೆಯ ಹೊಸಿಲನ್ನೂ ಇವನು ತುಳಿದಿಲ್ಲ. ಇನ್ನೊಂದು, ನಂಬರು ಬಿಟ್ಟು ಬೇರೇನನ್ನೂ ಯಾರೂ ಇವನನ್ನು ಕೇಳದ ಕೋಣೆಯಲ್ಲಿ ಒಂದು ದಿನ ಇವನು ನಂಬರಲ್ಲದ ಮಾತು ಆಡಿದ. ಒಂದು ಹುಡುಗಿ ಇವತ್ತು ಮೆಟ್ಟಿಲು ಹತ್ತಿ ಇಳಿದು ಮಾಡುತ್ತಿದ್ದಾಳೆ ಅಂದರೆ ಅದು ದೊಡ್ಡ ಡಾಕ್ಟರುಗಳ ಕೆಲಸವೇ. ಅದರಲ್ಲಿ ಇವನದೂ ಒಂದು ಚೂರು ಪಾಲಿದೆ. ಆ ಚೂರನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಇವನದು ಪೇಸ್‌ಮೇಕರ್ ಮಾರುವ ಕಂಪನಿಯಲ್ಲಿ ಕೆಲಸ. ಹೃದಯಕ್ಕೆ ಹಾಕುವ ಬ್ಯಾಟರಿ ಡಬ್ಬಿ, ಅದರ ತಂತಿ, ಅದನ್ನು ಪರೀಕ್ಷೆ ಮಾಡುವ ಯಂತ್ರ, ಎಲ್ಲವನ್ನೂ ಚಕ್ರದ ಪೆಟ್ಟಿಗೆಯಲ್ಲಿಟ್ಟುಕೊಂಡು ಆಸ್ಪತ್ರೆಯಿಂದ ಆಸ್ಪತ್ರೆಗೆ ಎಳೆದುಕೊಂಡು ಹೋಗುವುದು. ಮೊದಲು ರೇಡಿಯೋ, ಟೀವಿ ರಿಪೇರಿ ಅಂಗಡಿಯಲ್ಲಿದ್ದ. ಜನ ರಿಪೇರಿ ಬಿಟ್ಟು ಹೊಸದನ್ನೇ ಕೊಳ್ಳತೊಡಗಿದ ಮೇಲೆ ಅಂಗಡಿ ಬಾಗಿಲು ಹಾಕಿತು. ಕಂಪನಿಯವರು ಸಾಮಾನು ಸಾಗಿಸಲು ಸೇರಿಸಿಕೊಂಡರು. ಕೈಚಳಕ ನೋಡಿ ತರಬೇತಿ ಕೊಟ್ಟರು. ಆಮೇಲೆ ಅದೇ ಬದುಕಾಯಿತು.

ಮನೆ ಅಂದರೆ ಒಂದು ಮಹಡಿ ಕೋಣೆ. ಒಂದು ಹಳೆ ಫ್ರಿಜ್ಜಿದೆ. ಬೇರೆ ಊರಿನ ಆಸ್ಪತ್ರೆಗೆ ಹೊರಡುವಾಗ ಅದರ ಸ್ವಿಚ್ ಆರಿಸಿ, ವಾಸನೆ ಹಿಡಿಯದಿರಲಿ ಅಂತ ಬಾಗಿಲ ಸಂದಿಗೆ ಪೇಪರ್ ಉಂಡೆ ಸಿಕ್ಕಿಸಿ ಹೋಗುತ್ತಾನೆ. ವರ್ಷದಲ್ಲಿ ಹೆಚ್ಚು ದಿನ ಆ ಫ್ರಿಜ್ಜು ಬಾಯಿ ತೆರೆದುಕೊಂಡೇ ಇರುತ್ತದೆ. ಮದುವೆ ಮಾತು ಒಂದೆರಡು ಸಲ ಬಂದಿತ್ತು. ಹುಡುಗಿ ನೋಡಲು ಹೋಗಬೇಕಾದ ದಿನವೇ ಯಾವುದೋ ಆಸ್ಪತ್ರೆಯಿಂದ ಫೋನ್ ಬರುತ್ತಿತ್ತು. ತಾಯಿ ಇರುವತನಕ ಹೇಳಿ ಹೇಳಿ ಸಾಕಾದಳು. ಆಮೇಲೆ ಹೇಳುವವರೂ ಇಲ್ಲವಾದರು.

ಆಸ್ಪತ್ರೆಯಲ್ಲೂ ಅವನು ಯಾವ ಕಡೆಗೂ ಸೇರಿದವನಲ್ಲ. ರೋಗಿಗಳು ಅವನನ್ನು ಡಾಕ್ಟರು ಅಂದುಕೊಳ್ಳುತ್ತಾರೆ. ಡಾಕ್ಟರುಗಳಿಗೆ ಅವನು ಮಾಲು ತರುವವನು. ನರ್ಸುಗಳು "ಕಂಪನಿಯವರು ಬಂದ್ರಾ?" ಅಂತ ಕೇಳುತ್ತಾರೆ, ಬಂದ ಮೇಲೆ ಮರೆಯುತ್ತಾರೆ. ಕ್ಯಾಂಟೀನಿನಲ್ಲಿ ಡಾಕ್ಟರುಗಳದೊಂದು ಮೇಜು, ನರ್ಸುಗಳದೊಂದು ಮೇಜು. ಅವನು ಟ್ರೇ ಇಡುವ ಕಟ್ಟೆಯ ಹತ್ತಿರ ನಿಂತೇ ಊಟ ಮುಗಿಸುತ್ತಾನೆ.

ಮಕ್ಕಳಿಗೆ ಪೇಸ್‌ಮೇಕರ್ ಯಾಕೆ ಅಂತ ಕೇಳಿದರೆ ಅವನು ಹೀಗೆ ಹೇಳುತ್ತಾನೆ. ಹೃದಯದಲ್ಲಿ ಮೇಲೆರಡು ಕೋಣೆ, ಕೆಳಗೆರಡು ಕೋಣೆ. ಮೇಲಿನಿಂದ "ಈಗ ಹಿಂಡು" ಅನ್ನುವ ಸುದ್ದಿ ಕೆಳಗೆ ಹೋಗಬೇಕು. ಕೆಲವು ಮಕ್ಕಳಿಗೆ ಹುಟ್ಟುವಾಗಲೇ ಆ ದಾರಿ ಕಟ್ಟಿರುತ್ತದೆ. ಹಾರ್ಟ್ ಬ್ಲಾಕ್ ಅನ್ನುತ್ತಾರೆ. ಕೆಳಗಿನ ಕೋಣೆಗಳು ತಮ್ಮ ಪಾಡಿಗೆ ನಿಧಾನವಾಗಿ ಮಿಡಿಯುತ್ತವೆ. ಮಗುವಿಗೆ ಅದು ಸಾಲದು. ಆಗ ಹೊಟ್ಟೆಯ ಚರ್ಮದಡಿ ಡಬ್ಬಿ ಇಟ್ಟು ತಂತಿಯನ್ನು ಹೃದಯಕ್ಕೆ ಜೋಡಿಸುತ್ತಾರೆ. ದೊಡ್ಡವರಿಗಾದರೆ ರಕ್ತನಾಳದ ಒಳಗಿಂದ ತಂತಿ ಇಳಿಸಬಹುದು. ಹಸುಗೂಸಿನ ನಾಳ ದಾರದಷ್ಟು ಸಣ್ಣದು. ಹಾಗಾಗಿ ಎದೆ ತೆರೆದು ಹೃದಯದ ಹೊರಮೈಗೇ ಹೊಲಿಯಬೇಕು.

ಎಲ್ಲಿ ಹೊಲಿಯಬೇಕು? ಇಲ್ಲೇ ಇವನ ಕೆಲಸ. ಸರ್ಜನ್ ತಂತಿಯ ತುದಿಯನ್ನು ಒಂದು ಜಾಗಕ್ಕೆ ತಾಕಿಸುತ್ತಾರೆ. ಆ ಜಾಗದಲ್ಲಿ ಹೃದಯ ಮಿಡಿಯಲು ಕಡಿಮೆಯೆಂದರೆ ಎಷ್ಟು ಕರೆಂಟು ಬೇಕು ಅಂತ ಇವನು ಯಂತ್ರ ನೋಡಿ ಹೇಳುತ್ತಾನೆ. ಅದೇ ನಂಬರು. ಕಡಿಮೆ ಇದ್ದಷ್ಟೂ ಬ್ಯಾಟರಿ ಹೆಚ್ಚು ವರ್ಷ ಬಾಳುತ್ತದೆ, ಮಗುವನ್ನು ಮತ್ತೆ ಕೊಯ್ಯುವುದು ಅಷ್ಟು ದೂರ ಹೋಗುತ್ತದೆ. ಅವನ ಕಂಪನಿಯಲ್ಲಿ ಎಲ್ಲರೂ ಕಲಿತದ್ದು ಅದನ್ನೇ: ನಂಬರು ಎಲ್ಲಿ ಚೆನ್ನಾಗಿದೆಯೋ ಜಾಗ ಅದೇ.

ಮೊದಲು ಹೇಳಿದೆನಲ್ಲ, ಆ ಹುಡುಗಿ ಹುಟ್ಟಿದ ಮರುದಿನವೇ ಹೀಗೆ ಡಬ್ಬಿ ಹಾಕಿಸಿಕೊಂಡಳು. ಹೃದಯದ ಬಲಭಾಗದ ಮುಂದಿನ ಗೋಡೆ ಸುಲಭವಾಗಿ ಕೈಗೆ ಸಿಗುತ್ತದೆ. ಸರ್ಜನ್ ಅಲ್ಲಿ ತಾಕಿಸಿದರು. ನಂಬರು ಒಂದಕ್ಕಿಂತ ಕಡಿಮೆ ಬಂತು.

"ಸೂಪರ್ ಸರ್, ಇಲ್ಲೇ!" ಅಂದ ಇವನು.

ಅಲ್ಲೇ ಹೊಲಿದರು. ಎಲ್ಲರಿಗೂ ಖುಷಿ.

ಹುಡುಗಿ ಬೆಳೆದಳು. ಸಣಕಲು ಮೈ, ಅದಕ್ಕೇ ಅಜ್ಜಿ ಅವಳನ್ನು ಕಡ್ಡಿ ಅಂತ ಕರೆಯುತ್ತಿದ್ದಳು. ತಾಯಿ ಬಟ್ಟೆ ಕಾರ್ಖಾನೆಯಲ್ಲಿ ದುಡಿಯುತ್ತಿದ್ದಳು, ರಜೆ ಸಿಗುತ್ತಿರಲಿಲ್ಲ. ಹಾಗಾಗಿ ಮೂರು ತಿಂಗಳಿಗೊಮ್ಮೆ ಡಬ್ಬಿ ಪರೀಕ್ಷೆಗೆ ಅಜ್ಜಿಯೇ ಮೊಮ್ಮಗಳನ್ನು ಎಳೆದುಕೊಂಡು ಬರುತ್ತಿದ್ದಳು. ಆಸ್ಪತ್ರೆಯ ನೆಲಮಹಡಿಯ ಮೂಲೆಯಲ್ಲಿ ಕಿಟಕಿಯಿಲ್ಲದ ಕೋಣೆ. ಇವನು ದುಂಡನೆಯ ತಲೆಯಿರುವ ಉಪಕರಣವನ್ನು ಕಡ್ಡಿಯ ಹೊಟ್ಟೆಯ ಮೇಲಿಡುತ್ತಿದ್ದ.

"ಅಯ್ಯೋ, ತಣ್ಣಗಿದೆ ಡಬ್ಬಿ ಮಾಮ!"

"ಉಜ್ಜಿ ಬಿಸಿ ಮಾಡಿದೀನಲ್ಲೇ."

"ಸುಳ್ಳು. ಹಾಗಾದ್ರೆ ನಿನ್ನ ಕೈಯೇ ತಣ್ಣಗಿರೋದು."

ಪರೀಕ್ಷೆಗೆ ಅವನು ಅವಳ ಎದೆಬಡಿತವನ್ನು ಕೊಂಚ ನಿಧಾನ ಮಾಡಬೇಕು, ಆಮೇಲೆ ಜೋರು ಮಾಡಬೇಕು. ಆಗೆಲ್ಲ ಅವಳು ಕಣ್ಣು ಮಿಟುಕಿಸದೆ ಅವನನ್ನೇ ನೋಡುತ್ತಿದ್ದಳು.

"ಮಾಮ, ಜೋರು ಮಾಡಿ ಹಾಗೇ ಬಿಟ್ಬಿಡು. ನಾಡಿದ್ದು ಸ್ಕೂಲಲ್ಲಿ ಓಟದ ಪಂದ್ಯ ಇದೆ."

"ಆಮೇಲೆ ಬ್ಯಾಟರಿ ಮುಗಿದ್ರೆ ನಡುದಾರೀಲಿ ನಿಂತ್ಕೋತೀಯ."

"ನೀನು ಬಂದು ತಳ್ಳು!"

ಅಜ್ಜಿಗೆ ಬಾಯಿ ಸುಮ್ಮನಿರುತ್ತಿರಲಿಲ್ಲ. "ಏನಪ್ಪಾ, ಇಷ್ಟು ವರ್ಷ ಆಯ್ತು, ನಿಂಗೊಂದು ಹೆಣ್ಣು ಸಿಗ್ಲಿಲ್ವಾ?"

"ಪೆಟ್ಟಿಗೆ ಇದೆಯಲ್ಲ ಅಜ್ಜಿ, ಹೋದಲ್ಲೆಲ್ಲ ಹಿಂದೇನೇ ಬರುತ್ತೆ."

"ಎದುರು ಮಾತಾಡಲ್ಲ ಅಂತ ಅದನ್ನೇ ಇಟ್ಕೊಂಡಿದೀಯ, ಕಳ್ಳ."

ಒಂದು ಸಲ ಬಸ್ಸು ಕೆಟ್ಟು ಅವನು ತಡವಾಗಿ ಬಂದ. ಕಡ್ಡಿ ಸೊಂಟದ ಮೇಲೆ ಕೈಯಿಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದಳು. "ಯಾಕೆ ಲೇಟು?" ಅಂತ ಗದರಿದಳು. ಅವನಿಗೆ ನಗು ಬಂತು. ತಾಯಿ ಹೋದ ಮೇಲೆ ಆ ಮಾತನ್ನು ಅವನಿಗೆ ಯಾರೂ ಕೇಳಿರಲಿಲ್ಲ. ಆಸ್ಪತ್ರೆಗಳಲ್ಲಿ ತಡವಾದರೆ ಪೆಟ್ಟಿಗೆ ತಡವಾಯಿತು ಅನ್ನುತ್ತಾರೆ, ಅಷ್ಟೇ. ಅವನಿಗೋಸ್ಕರ ಕಾಯುವ ಜೀವ ಅಂತ ಇದ್ದದ್ದು ಇವಳೊಬ್ಬಳೇ.

ಒಂಬತ್ತು ತುಂಬುವ ಹೊತ್ತಿಗೆ ಕಡ್ಡಿ ಸುಸ್ತು ಅನ್ನತೊಡಗಿದಳು. ಮೆಟ್ಟಿಲ ನಡುವೆ ಕೂರುತ್ತಿದ್ದಳು. ಓಟದ ಮಾತು ನಿಂತುಹೋಯಿತು.

"ಸೋಮಾರಿ ಆಗಿದಾಳೆ. ನೀನೇ ಸ್ವಲ್ಪ ಬುದ್ಧಿ ಹೇಳಪ್ಪ," ಅಂದಳು ಅಜ್ಜಿ.

ಇವನು ಡಬ್ಬಿ ಪರೀಕ್ಷೆ ಮಾಡಿದ. ಬ್ಯಾಟರಿ ಸರಿ. ತಂತಿ ಸರಿ. ನಂಬರು ಹುಟ್ಟಿದಾಗ ಇದ್ದ ಹಾಗೇ ಇದೆ. "ಎಲ್ಲಾ ಚೆನ್ನಾಗಿದೆ ಅಜ್ಜಿ, ಏನೂ ಯೋಚ್ನೆ ಇಲ್ಲ," ಅಂದ. ಮೂರು ತಿಂಗಳು ಬಿಟ್ಟು ಬಂದಾಗಲೂ ಅದನ್ನೇ ಅಂದ.

ಆ ಆಸ್ಪತ್ರೆಯ ಪದ್ಧತಿ ಹಾಗಿತ್ತು. ಡಬ್ಬಿ ನೋಡುವುದು ನೆಲಮಹಡಿಯಲ್ಲಿ, ಹೃದಯದ ಸ್ಕ್ಯಾನ್ ಮಾಡುವುದು ಮೂರನೇ ಮಹಡಿಯಲ್ಲಿ. ಡಬ್ಬಿ ಚೆನ್ನಾಗಿದ್ದರೆ ಮೇಲೆ ಯಾರೂ ಕಳಿಸುತ್ತಿರಲಿಲ್ಲ. ಡಬ್ಬಿಯನ್ನು ಎಲ್ಲರೂ ನೋಡುತ್ತಿದ್ದರು, ಅದು ಯಾರ ಹೊಟ್ಟೆಯಲ್ಲಿದೆಯೋ ಅವರ ಹೃದಯವನ್ನು ನೋಡುವ ಸರದಿ ಮಾತ್ರ ಯಾರದೂ ಆಗಿರಲಿಲ್ಲ.

ಆ ವರ್ಷ ಮಕ್ಕಳ ಹೃದಯಕ್ಕೆ ಅಂತಲೇ ಒಬ್ಬರು ಡಾಕ್ಟರಮ್ಮ ಹೊಸದಾಗಿ ಬಂದಿದ್ದರು. ಎಲ್ಲರೂ ಅವರನ್ನು ಮೇಡಂ ಅನ್ನುತ್ತಿದ್ದರು. ಕಡ್ಡಿ ಕಾರಿಡಾರಿನಲ್ಲಿ ಗೋಡೆಗೆ ಒರಗಿ ಏದುಸಿರು ಬಿಡುವುದನ್ನು ನೋಡಿ ಅವರೇ ಮೇಲೆ ಕರೆದುಕೊಂಡು ಹೋದರು. ಸ್ಕ್ಯಾನ್ ಮಾಡಿದರು. ಎಡಗಡೆಯ ಕೆಳಕೋಣೆ ಊದಿಕೊಂಡಿತ್ತು.

ಮೇಡಂ ಅಜ್ಜಿಯನ್ನೂ ಇವನನ್ನೂ ಕೂರಿಸಿಕೊಂಡು ಬಿಡಿಸಿ ಹೇಳಿದರು. "ಇಬ್ಬರು ಸೇರಿ ಬೀರು ಎತ್ತುವಾಗ ಒಬ್ಬ ಮೊದಲೇ ಎತ್ತಿ ಇನ್ನೊಬ್ಬ ತಡವಾಗಿ ಎತ್ತಿದ್ರೆ ಏನಾಗುತ್ತೆ ಅಜ್ಜಿ? ಭಾರ ಎಲ್ಲ ತಡ ಮಾಡಿದವನ ಮೇಲೆ. ತಂತಿ ಬಲಗಡೆ ಇರೋದ್ರಿಂದ ಬಲಗಡೆ ಮೊದಲು ಹಿಂಡುತ್ತೆ, ಎಡಗಡೆ ತಡವಾಗಿ ಹಿಂಡುತ್ತೆ. ವರ್ಷಗಟ್ಟಲೆ ಹಾಗೇ ಆಗಿ ಎಡಗಡೆ ಸೋತಿದೆ. ಎಲ್ಲಾ ಮಕ್ಕಳಿಗೂ ಹೀಗಾಗಲ್ಲ, ಇವಳಿಗೆ ಆಗಿದೆ. ಎಡಗಡೆಯ ಕೆಳತುದಿಗೆ ತಂತಿ ಬದಲಾಯಿಸಬೇಕು. ಹೆಚ್ಚಿನ ಮಕ್ಕಳು ಸುಧಾರಿಸಿಕೊಳ್ತಾರೆ. ಎಲ್ಲರೂ ಅಂತ ಮಾತು ಕೊಡಕ್ಕಾಗಲ್ಲ."

ಅಜ್ಜಿ ಇವನ ಕಡೆ ತಿರುಗಿದಳು. "ನೀನು ಚೆನ್ನಾಗಿದೆ ಚೆನ್ನಾಗಿದೆ ಅಂತಿದ್ಯಲ್ಲ?"

"ಡಬ್ಬಿ ಚೆನ್ನಾಗಿತ್ತು ಅಜ್ಜಿ. ಹೃದಯ ನಾನು ನೋಡಿರ್ಲಿಲ್ಲ."

"ಹಾರನ್ ಹೊಡೆದು ನೋಡಿ ಗಾಡಿ ಚೆನ್ನಾಗಿದೆ ಅಂತ ಹೇಳಿ ಕಳಿಸ್ದಂಗಾಯ್ತು." ಅಜ್ಜಿಯ ದನಿ ಏರಲಿಲ್ಲ. ಏರಿದ್ದರೆ ಅವನಿಗೆ ಹಗುರಾಗುತ್ತಿತ್ತು. "ಸೋಮಾರಿ ಅಂತ ಮಗೂನ ಬೈಯ್ಕೊಂಡು ತಿರುಗ್ತಿದ್ನಲ್ಲಪ್ಪ ನಾನು. ಒಂದಿನ ಹೊಡೆದೂ ಇದೀನಿ." ಎದ್ದು ಮೊಮ್ಮಗಳ ಕೈ ಹಿಡಿದಳು. "ನಡಿಯೇ."

ಆಮೇಲೆ ಆಪರೇಷನ್ ದಿನದವರೆಗೂ ಅಜ್ಜಿ ಅವನ ಜೊತೆ ಮಾತಾಡಲಿಲ್ಲ. ವಾರ್ಡಿನ ಬಾಗಿಲಲ್ಲಿ ಅವನು ಕಂಡರೆ ಮುಖ ಆಚೆ ತಿರುಗಿಸುತ್ತಿದ್ದಳು. ಕಡ್ಡಿಗೆ ಯಾವ ಮುನಿಸೂ ಇರಲಿಲ್ಲ. ಆದರೆ ಮಾತಾಡುವಷ್ಟು ಉಸಿರೂ ಇರಲಿಲ್ಲ. ಕೈ ಎತ್ತಿ ಆಡಿಸುತ್ತಿದ್ದಳು, ಅಷ್ಟೇ. ಅವನು ಲಾಡ್ಜಿಗೆ ಹೋಗಿ ಊಟ ಮಾಡದೆ ಮಲಗುತ್ತಿದ್ದ. ಯಾರ ಹತ್ತಿರವಾದರೂ ಹೇಳಿಕೊಳ್ಳೋಣ ಅಂತ ಫೋನಿನ ಹೆಸರುಗಳನ್ನೆಲ್ಲ ಮೇಲಿಂದ ಕೆಳಗೆ ನೋಡಿದ. ಎಲ್ಲ ಆಸ್ಪತ್ರೆಗಳು, ಅವುಗಳ ಸಾಮಾನಿನ ಸ್ಟೋರುಗಳು. ಫೋನ್ ಮಗುಚಿ ಇಟ್ಟ.

ಆಪರೇಷನ್ ದಿನ ಅವನು ಎಂದಿನ ಹಾಗೆ ಥಿಯೇಟರಿನ ಗೋಡೆ ಬದಿಯ ಸ್ಟೂಲಿನ ಮೇಲೆ ಕೂತ. ಹಸಿರು ಬಟ್ಟೆಯ ಆಚೆಯಿಂದ ನರ್ಸು ಕೇಬಲ್ ಕೊಟ್ಟರು. ಅವನು ತನ್ನ ಯಂತ್ರಕ್ಕೆ ಸಿಕ್ಕಿಸಿದ. ಸರ್ಜನ್ ಅದೇ ಹಳೆಯ ಸರ್ಜನ್. ಎಡ ಪಕ್ಕೆಯ ಸಂದಿಯಿಂದ ಹೃದಯದ ಹತ್ತಿರ ಹೋಗಿದ್ದರು. ಮೇಡಂ ಹುಡುಗಿಯ ಗಂಟಲಿನಿಂದ ಸ್ಕ್ಯಾನ್ ಕೊಳವೆ ಇಳಿಸಿ ಪರದೆ ನೋಡುತ್ತಿದ್ದರು. ಅಜ್ಜಿ ಹೊರಗೆ ಬೆಂಚಿನ ಮೇಲೆ.

ಸರ್ಜನ್ ಎಡತುದಿಗೆ ತಂತಿ ತಾಕಿಸಿದರು. "ಎಷ್ಟಪ್ಪ?"

"ಮೂರೂವರೆ ಸರ್."

"ಥತ್." ಕೊಂಚ ಆಚೆ ತಾಕಿಸಿದರು. "ಈಗ?"

"ನಾಲ್ಕು."

ಹಾಗೇ ಸರಿಯುತ್ತ ಸರಿಯುತ್ತ ಮುಂದಕ್ಕೆ, ಬಲಗಡೆಯ ಅಂಚಿಗೆ ಬಂದರು. ಅವನು ನಂಬರು ನೋಡಿದ. ಯಂತ್ರದ ಗುಂಡಿ ಒತ್ತಿ ಮತ್ತೊಮ್ಮೆ ನೋಡಿದ.

"ಎಷ್ಟು? ಬಾಯಿ ಬಿಡಪ್ಪ."

"ಒಂದು ಸರ್."

"ಆಹಾ! ಬಂತು ನೋಡಿ."

ಮೇಡಂ ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಇಲ್ಲಿ ಬೇಡ ಸರ್. ಮೊದಲಿದ್ದ ಹಾಗೇ ಹಿಂಡ್ತಾ ಇದೆ, ಎಡಗೋಡೆ ತಡವಾಗಿ ಬರ್ತಿದೆ. ತುದೀಲಿ ಹಿಡಿದಾಗ ಎಷ್ಟು ಚಂದ ಒಟ್ಟಿಗೆ ಹಿಂಡ್ತು."

"ಚಂದ ಸರಿ. ಮೂರೂವರೆ ನಂಬರಲ್ಲಿ ಬ್ಯಾಟರಿ ಎಷ್ಟು ವರ್ಷ ಬರುತ್ತೆ? ಮೂರು, ನಾಲ್ಕು? ಆಮೇಲೆ ಮತ್ತೆ ಇವಳನ್ನ ಇದೇ ಮೇಜಿನ ಮೇಲೆ ತರ್ಬೇಕು. ಕೊಯ್ಯೋನು ನಾನು ತಾಯಿ, ಅವರ ಮುಖ ನೋಡೋನೂ ನಾನೇ."

ಅವರ ಮಾತೂ ಸುಳ್ಳಲ್ಲ. ಸರ್ಜನ್ ಇವನ ಕಡೆ ಕತ್ತು ತಿರುಗಿಸಿದರು. "ಏನಯ್ಯಾ ಕಂಪನಿ, ನಂಬರು ಒಂದಿದೆ ತಾನೆ? ಇಲ್ಲೇ ಹಾಕ್ಲಾ?"

ಇಷ್ಟು ವರ್ಷ ಈ ಪ್ರಶ್ನೆಗೆ ಅವನ ಉತ್ತರ ಒಂದೇ ಇತ್ತು. ನಾಲಿಗೆಯ ತುದಿಯಲ್ಲೇ ಇತ್ತು. ಕಂಪನಿಯವರು ಜಾಗದ ವಿಚಾರಕ್ಕೆ ಬಾಯಿ ಹಾಕಬಾರದು ಅಂತ ಕಟ್ಟಪ್ಪಣೆ ಬೇರೆ. ಈ ಸರ್ಜನ್ ಮುನಿಸಿಕೊಂಡರೆ ನಾಳೆಯಿಂದ ಬೇರೆ ಕಂಪನಿಯ ಪೆಟ್ಟಿಗೆ ಈ ಬಾಗಿಲಿಗೆ ಬರುತ್ತದೆ. ಅವನಿಗೆ ಹಸಿರು ಬಟ್ಟೆಯ ಹೊರಗೆ ಕಂಡದ್ದು ಹುಡುಗಿಯ ಒಂದು ಪಾದ. ಹಿಮ್ಮಡಿಯಲ್ಲಿ ಪೆನ್ನಿನ ಶಾಯಿ ಮೆತ್ತಿಕೊಂಡಿತ್ತು.

"ಎಡತುದೀಲೇ ಹೊಲಿಗೆ ಹಾಕಿ ಸರ್," ಅಂದ. "ಹಾಕಿ ಸ್ವಲ್ಪ ಹೊತ್ತು ಕಾಯೋಣ. ತಾಕಿದ ಏಟಿಗೆ ಮೊದಲು ಜಾಸ್ತಿ ತೋರಿಸುತ್ತೆ. ಮಾಂಸ ಸುಧಾರಿಸಿಕೊಂಡ ಮೇಲೆ ಇಳೀಬಹುದು."

"ಅದು ನಂಗೂ ಗೊತ್ತಯ್ಯ. ಇಳಿಯುತ್ತೆ ಅಂತ ಗ್ಯಾರಂಟಿ ಕೊಡ್ತೀಯಾ?"

"ಇಲ್ಲ ಸರ್."

"ನೋಡಿ, ತಾನೇ ಮಾರೋ ಮಾಲಿಗೆ ಗ್ಯಾರಂಟಿ ಇಲ್ಲವಂತೆ." ನರ್ಸು ಮುಖಗವುಸಿನ ಒಳಗೆ ನಕ್ಕರು. ಸರ್ಜನ್ ನಗಲಿಲ್ಲ. "ಇಳಿಯದಿದ್ರೆ?"

"ಬ್ಯಾಟರಿ ಬದಲಾಯಿಸಬಹುದು ಸರ್," ಅಂದರು ಮೇಡಂ. "ಹೃದಯ ಬದಲಾಯಿಸೋಕೆ ಎಲ್ಲಿಗೆ ಹೋಗೋದು?"

ಸರ್ಜನ್ ಉಸಿರು ಬಿಟ್ಟು ಎಡತುದಿಗೇ ಹೋದರು. ಹೊಲಿಗೆ ಬಿತ್ತು.

ಅವನು ಯಂತ್ರ ನೋಡಿದ. ನಾಲ್ಕರ ಹತ್ತಿರ.

"ಎಷ್ಟು?"

"ಈಗಲೇ ಹೇಳಲ್ಲ ಸರ್. ತಾಳಿ."

ಹಾಗಂದದ್ದನ್ನು ಅವನಿಗೇ ನಂಬಲಾಗಲಿಲ್ಲ. ಸರ್ಜನ್ ಕೈ ಕಟ್ಟಿ ನಿಂತರು. ಅವನು ಕರೆಂಟು ಇಳಿಸಿ ನೋಡಿದ, ಅಷ್ಟಕ್ಕೆ ಹೃದಯ ಮಿಡಿಯಲಿಲ್ಲ, ತಟ್ಟನೆ ಏರಿಸಿದ. ಮತ್ತೆ ಕಾದ. ಮತ್ತೆ ಇಳಿಸಿದ. ಮೂರಕ್ಕೆ ಮಿಡಿಯಿತು. ಇನ್ನಷ್ಟು ಕಾದ. ಎರಡೂವರೆ. ಆಮೇಲೆ ಎರಡು. ಅಲ್ಲಿಂದ ಕೆಳಗೆ ಎಷ್ಟು ಕಾದರೂ ಇಳಿಯಲಿಲ್ಲ.

"ಎರಡು ಸರ್. ಇದಕ್ಕಿಂತ ಆಗಲ್ಲ."

"ಒಂದಲ್ಲ."

"ಒಂದಲ್ಲ ಸರ್."

ಸರ್ಜನ್ ಮೇಡಂ ಕಡೆ ನೋಡಿದರು. ಮೇಡಂ ತಲೆ ಆಡಿಸಿದರು. "ಸರಿ, ಮುಚ್ಚೋಣ," ಅಂದರು ಸರ್ಜನ್.

ಸಂಜೆ ಅವನು ಪೆಟ್ಟಿಗೆ ಎಳೆದುಕೊಂಡು ಹೊರಗೆ ಬಂದಾಗ ಅಜ್ಜಿ ಬೆಂಚಿನ ಮೇಲೆ ಕೂತಿದ್ದಳು. ಪೆಟ್ಟಿಗೆ ಹಿಡಿದುಕೊಂಡೇ ಅವಳೆದುರು ನಿಂತ. "ತಂತಿ ಎಡಗಡೆ ಕೂತಿದೆ ಅಜ್ಜಿ. ಬ್ಯಾಟರಿ ಮೊದಲಿನಷ್ಟು ವರ್ಷ ಬರಲ್ಲ. ಹೃದಯ ಹೇಗೆ ಅಂತ ಮೇಡಂ ನೋಡಿ ಹೇಳ್ತಾರೆ, ನಾನು ಹೇಳಲ್ಲ."

ಅಜ್ಜಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಕಂಬದ ಥರ ನಿಂತಿದೀಯಲ್ಲ. ಈ ಬಾಟ್ಲಿಗೆ ಕುಡಿಯೋ ನೀರು ಹಿಡ್ಕೊಂಡು ಬಾ." ಅವನು ಪೆಟ್ಟಿಗೆ ಅವಳ ಹತ್ತಿರವೇ ಬಿಟ್ಟು ಓಡಿದ.

ಹೃದಯ ಒಂದೇ ದಿನಕ್ಕೆ ಸರಿಹೋಗಲಿಲ್ಲ. ಮೊದಲ ಸ್ಕ್ಯಾನಿನಲ್ಲಿ ಏನೂ ಬದಲಾಗಿರಲಿಲ್ಲ, ಅವನು ಮೂರನೇ ಮಹಡಿಯ ಮೆಟ್ಟಿಲ ಮೇಲೆ ಕೂತು ಕೈಬೆರಳು ಮುರಿದುಕೊಳ್ಳುತ್ತಿದ್ದ. ಎರಡನೆಯದರಲ್ಲಿ ಊತ ಕೊಂಚ ಇಳಿದಿತ್ತು. ಮಳೆಗಾಲ ಶುರುವಾಗಿ ಮುಗಿಯುವ ಹೊತ್ತಿಗೆ ಕಡ್ಡಿ ಮೂರು ಮಹಡಿಯನ್ನೂ ಹತ್ತಿ ಬಂದು, "ಮಾಮ, ಲಿಫ್ಟಿಗಿಂತ ಮೊದಲು ಬಂದೆ!" ಅಂದಳು. ಅಜ್ಜಿ ಲಿಫ್ಟಿನಿಂದ ಇಳಿದು, "ಲಿಫ್ಟು ಎರಡು ಕಡೆ ನಿಂತಿತ್ತು, ಜಂಬ ಬೇಡ," ಅಂದಳು. ಮೇಡಂ ಒಂದು ನಿಯಮ ತಂದರು. ಇನ್ನು ಯಾವ ಮಗುವಿನದಾದರೂ ಡಬ್ಬಿ ನೋಡಿದ ದಿನವೇ ಹೃದಯವನ್ನೂ ನೋಡಬೇಕು, ಎರಡೂ ಮೂರನೇ ಮಹಡಿಯಲ್ಲೇ, ಆಸ್ಪತ್ರೆಯವರದೇ ಕೈಯಲ್ಲಿ.

ಒಳ್ಳೆಯ ನಿಯಮ. ಆದರೆ ಅದರಲ್ಲಿ ಅವನಿಗೆ ಕೆಲಸವಿಲ್ಲ. ಕಿಟಕಿಯಿಲ್ಲದ ಆ ಕೋಣೆಗೆ ಈಗ ಬೀಗ. ಕಡ್ಡಿಯ ಮನೆಗೆ ಹಾಸಿಗೆ ಪಕ್ಕ ಇಡುವ ಪುಟ್ಟ ಯಂತ್ರ ಕೊಟ್ಟಿದ್ದಾರೆ. ಡಬ್ಬಿಯ ಸುದ್ದಿಯನ್ನು ಅದೇ ಕಳಿಸಿಬಿಡುತ್ತದೆ. "ಇನ್ನು ವರ್ಷಕ್ಕೊಮ್ಮೆ ಬಂದ್ರೆ ಸಾಕು," ಅಂದರು ಮೇಡಂ.

"ಅಬ್ಬಾ, ಬಸ್ಸಿನ ಕಾಟ ತಪ್ತು!" ಅಂದಳು ಅಜ್ಜಿ.

"ಹೌದಜ್ಜಿ, ಒಳ್ಳೇದಾಯ್ತು," ಅಂದ ಅವನು. ನಿಜವಾಗಿಯೂ ಒಳ್ಳೆಯದೇ ಆಗಿತ್ತು.

"ಬರೋ ವರ್ಷ ನೀನಿರ್ತೀಯಾ ಮಾಮ?"

"ಇರ್ತೀನಿ, ಇನ್ನೆಲ್ಲಿಗೆ ಹೋಗ್ಲಿ?"

ಮರುವರ್ಷ ಅವರು ಬಂದ ದಿನ ಅವನು ಥಿಯೇಟರಿನೊಳಗಿದ್ದ. ಇನ್ನೊಂದು ಹಸುಗೂಸು, ಇನ್ನೊಂದು ಎಡತುದಿ. ನಂಬರು ಇಳಿಯುತ್ತಿರಲಿಲ್ಲ. ಸರ್ಜನ್ ತಾವಾಗಿಯೇ, "ಕಾಯೋಣ ಅಲ್ವೇನಯ್ಯಾ?" ಅಂದರು. ಕಾದರು. ಅವನು ಬಟ್ಟೆ ಬದಲಿಸಿ ಮೂರನೇ ಮಹಡಿಗೆ ಹೋಗುವಷ್ಟರಲ್ಲಿ ಅವರು ಬಸ್ಸಿಗೆ ಹೊರಟಾಗಿತ್ತು. "ಡಬ್ಬಿ ಮಾಮ ಎಲ್ಲಿ ಅಂತ ಕೇಳ್ತಿದ್ಲು ಹುಡುಗಿ. ಅಜ್ಜಿ ಬಸ್ ತಪ್ಪುತ್ತೆ ಅಂತ ಎಳ್ಕೊಂಡು ಹೋದ್ರು," ಅಂದರು ನರ್ಸು.

ಡಬ್ಬಿಗೆ ಇನ್ನೊಂದು ಗುಣವಿದೆ. ಮೈ ಎಷ್ಟು ಓಡಾಡಿತು ಅಂತಲೂ ಅದು ನೆನಪಿಟ್ಟುಕೊಂಡು ಗೆರೆ ಎಳೆಯುತ್ತದೆ. ಕಂಪನಿಯ ಪರದೆಯಲ್ಲಿ ಅವನಿಗೆ ಅದು ಕಾಣುತ್ತದೆ. ಭಾನುವಾರ ಗೆರೆ ಎತ್ತರಕ್ಕೆ ಹೋಗಿದ್ದರೆ ಕಡ್ಡಿ ಎಲ್ಲೋ ಓಡಿದ್ದಾಳೆ. ಎಲ್ಲಿ, ಯಾರ ಜೊತೆ, ಗೆದ್ದಳೋ ಸೋತಳೋ, ಗೆರೆ ಹೇಳುವುದಿಲ್ಲ. ಅವನು ಅದನ್ನು ನೋಡುತ್ತಾನೆ, ಪರದೆ ಮುಚ್ಚುತ್ತಾನೆ, ಮುಂದಿನ ಬಸ್ಸು ಹಿಡಿಯುತ್ತಾನೆ.

ನೀವು ಯಾವುದಾದರೂ ದೊಡ್ಡ ಆಸ್ಪತ್ರೆಗೆ ಹೋದಾಗ, ಮಕ್ಕಳ ಥಿಯೇಟರಿನ ಹೊರಗೆ ಪೆಟ್ಟಿಗೆಗೆ ಕಾಲು ಒರಗಿಸಿಕೊಂಡು ಒಬ್ಬ ಕೂತಿದ್ದರೆ, ದಯವಿಟ್ಟು ಹೋಗಿ ಪಕ್ಕದಲ್ಲಿ ಕೂತು ಮಾತಾಡಿಸಿ. ಅವಸರ ಮಾಡಬೇಡಿ, ಅವನಿಗೆ ಮಾತು ಬೇಗ ಬರುವುದಿಲ್ಲ. ನೀವು ರೋಗಿಯ ಕಡೆಯವರು ಅಂದುಕೊಂಡು ಅವನು ಮೊದಲು ಎದ್ದು ನಿಮಗೆ ಜಾಗ ಬಿಡಲು ನೋಡುತ್ತಾನೆ. ಏಳಲು ಬಿಡಬೇಡಿ.